ಎದುರು ಕಿಟಕಿಯ ಜಿರೇನಿಯಂ

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಬೆಳಕು ಹರಿದಿದ್ದರೂ ಬೀದಿದೀಪ ಇನ್ನೂ ಆರಿರಲಿಲ್ಲ. ಬೀಗ ರಿಪೇರಿಯ ಮುದುಕ ಹೆಂಡತಿಯ ನೀಲಿ ಸ್ವೆಟರ್ ತೊಟ್ಟು, ಪರದೆಯ ಮರೆಯಲ್ಲಿ ನಿಂತು, ತೋಳು ಮಾತ್ರ ಚಾಚಿ ಜಿರೇನಿಯಂ ಕುಂಡವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಕಳ್ಳನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡ.

ಬೀದಿಯಾಚೆ, ಎದುರು ಮನೆಯ ಮೇಲ್ಮಹಡಿಯಲ್ಲೂ ಪರದೆ ಅಲುಗಿತು. ಅಲ್ಲೂ ಒಂದು ಕುಂಡ ಬಂದು ಕೂತಿತು.

'ಸದ್ಯ, ನಂಬಿದರು' ಎಂದು ಮುದುಕ ಉಸಿರು ಬಿಟ್ಟ.

ಎದುರು ಮನೆ ಹೆಂಡತಿಯ ಅಕ್ಕನದು. ಅಕ್ಕನಿಗೆ ಮಂಡಿ ಹೋಗಿ ಮೆಟ್ಟಿಲಿಳಿಯುವಂತಿರಲಿಲ್ಲ. ಕಿವಿ ಹೋಗಿ ಫೋನೂ ದಂಡ. ತಂಗಿಗೆ ಉಬ್ಬಸ, ಚಳಿಯಲ್ಲಿ ಹೊಸಿಲು ದಾಟುವಂತಿರಲಿಲ್ಲ. ಹಾಗಾಗಿ ಪ್ರತಿ ಚಳಿಗಾಲವೂ ಅವರ ಮಾತುಕತೆಯೆಲ್ಲ ಕುಂಡಗಳಲ್ಲೇ ನಡೆಯುತ್ತಿತ್ತು. ಬೆಳಿಗ್ಗೆ ಬೆಳಕಿಗೆಂದು ಕುಂಡ ಕಿಟಕಿಗೆ ಬಂದರೆ 'ಎದ್ದೆ ಕಣೇ' ಎಂದರ್ಥ. ಸಂಜೆ ಗಾಜು ತಣ್ಣಗಾಗುವ ಮೊದಲು ಒಳಗೆ ಹೋದರೆ 'ಮಲಗ್ತೀನಿ'. ಎರಡೂ ಗಿಡ ಅವರ ತಾಯಿಯ ಒಂದೇ ಕುಂಡದಿಂದ ಮುರಿದು ನೆಟ್ಟ ಕಡ್ಡಿಗಳು.

ಈಗ ತಂಗಿ ಇರಲಿಲ್ಲ. ಊರಾಚೆಯ ಆಸ್ಪತ್ರೆಯಲ್ಲಿ, ಒಂದು ಭಾನುವಾರ ತೀರಿಕೊಂಡಿದ್ದಳು. ಆ ಬೆಳಿಗ್ಗೆಯೂ ಅವಳದು ಅದೇ ಪ್ರಶ್ನೆ.

"ಅಕ್ಕ ಕುಂಡ ಇಟ್ಟಿದ್ದಾಳಾ? ನೋಡಿದ್ರಾ?"

"ಇಟ್ಟಿದ್ದಾರೆ ಕಣೇ. ನೋಡ್ಕೊಂಡೇ ಬಂದೆ."

ಅವನು ಮನೆ ಕಡೆ ಮುಖ ಹಾಕಿ ದಿನಗಳೇ ಆಗಿದ್ದವು. ಆಸ್ಪತ್ರೆಯ ಬೆಂಚಿನ ಮೇಲೇ ಬಿದ್ದಿದ್ದ.

"ಅವಳ ಎದೆ ಮೊದಲೇ ಸೋತಿದೆ. ನಾನು ಹೋದ ಸುದ್ದಿ ಈ ಚಳೀಲಿ ಬೇಡ. ಬಿಸಿಲು ಬಲಿಯೋವರೆಗೆ ಕುಂಡ ಇಡ್ತಾ ಇರಿ."

"ನಾನು ಬೀಗದವನು. ಗಿಡದ ಗಂಧಗಾಳಿ ನನಗೇನು ಗೊತ್ತು?"

"ಬೀಗದ ಹಾಗೇನೇ ಅದೂ. ಜೋರು ಮಾಡಬೇಡಿ, ಅಷ್ಟೇ."

ಅಲ್ಲೇ ಮಣ್ಣು ಮಾಡಿ ಬಂದ. ಊರ ಬಾಯಿಗೆ ಬೀಗವಿಲ್ಲವೆಂಬುದು ಬೀಗದವನಿಗೇ ಚೆನ್ನಾಗಿ ಗೊತ್ತು. ಅದಕ್ಕೇ ಕೆಳಗಿನ ಬ್ರೆಡ್ ಅಂಗಡಿಯಾಕೆಯೊಬ್ಬಳಿಗೆ ಮಾತ್ರ ನಿಜ ಹೇಳಿ, ಆಣೆ ಹಾಕಿಸಿಕೊಂಡು, ಸುಳ್ಳೊಂದನ್ನು ಅವಳ ಕೈಯಲ್ಲೇ ಎದುರು ಮನೆಗೆ ಕಳಿಸಿದ: ತಂಗಿ ಮನೆಗೆ ಬಂದಿದ್ದಾಳೆ, ಡಾಕ್ಟರು ಯಾರನ್ನೂ ನೋಡಬೇಡ ಅಂದಿದ್ದಾರೆ.

ಉತ್ತರ ಮರುದಿನ ಬಂತು. ಎದುರು ಮನೆಯಲ್ಲಿ ಅಕ್ಕನ ಜೊತೆಗಿದ್ದವಳು ಸೊಸೆಯೊಬ್ಬಳೇ. ಹೊಲಿಗೆಯವಳು.

"ಅತ್ತೆಗೆ ತುಂಬಾ ಸಮಾಧಾನ ಆಯ್ತು ಅಂದಳು ಸೊಸೆ. ಅವರಿಗೂ ನೆಗಡಿಯಂತೆ, ಯಾರೂ ಬರೋದು ಬೇಡ್ವಂತೆ," ಎಂದಳು ಅಂಗಡಿಯಾಕೆ. ಹೇಳುವಾಗ ಅವಳ ಕಣ್ಣು ಬ್ರೆಡ್ಡಿನ ಮೇಲೇ ಇತ್ತು.

ಒಳ್ಳೆಯದೇ ಆಯಿತು ಎಂದುಕೊಂಡ ಮುದುಕ.

ಆದರೆ ಗಿಡ ಅವನ ಮಾತು ಕೇಳಲಿಲ್ಲ. ಹೆಂಡತಿ ನೆನಪಾದಾಗಲೆಲ್ಲ ಅವನು ಕುಂಡಕ್ಕೆ ಒಂದು ಲೋಟ ನೀರು ಹಾಕುತ್ತಿದ್ದ. ಹೆಂಡತಿ ಬಹಳ ನೆನಪಾಗುತ್ತಿದ್ದಳು. ಕೆಳಗಿನ ಎಲೆ ಹಳದಿಯಾಯಿತು, ಆಮೇಲೆ ನಡುವಿನದು. ಉದುರಿದ ಎಲೆಗಳನ್ನು ಎಸೆಯಲಾರದೆ, ತುಕ್ಕು ಹಿಡಿದ ಕೀಲಿಗಳ ಡಬ್ಬಿಯಲ್ಲಿ ಹಾಕಿಟ್ಟ.

ಒಂದೇ ಸಮಾಧಾನವೆಂದರೆ ಎದುರಿನ ಗಿಡವೂ ಸೊರಗುತ್ತಿತ್ತು. ಎಲೆಯ ಅಂಚು ಕಂದಿ ಸುರುಟಿಕೊಂಡಿತ್ತು. ಕೆಲವು ಸಂಜೆ ಕತ್ತಲಾದರೂ ಕುಂಡ ಕಿಟಕಿಯಲ್ಲೇ ಇರುತ್ತಿತ್ತು. ಕೋಲು ನೆಟ್ಟರೂ ಚಿಗುರಿಸುವ ಕೈ ಅಕ್ಕನದು, ಅದೂ ಸೋತಿತಲ್ಲ! 'ವಯಸ್ಸು. ಮರೆವು ಬಂದಿದೆ ಪಾಪ' ಎಂದುಕೊಂಡ.

"ಅಕ್ಕನ ಗಿಡ ಯಾಕೋ ಬಡವಾಗಿದೆ," ಎಂದ ಅಂಗಡಿಯಲ್ಲಿ.

"ನಿಮ್ಮದೇನು ನಳನಳಿಸ್ತಿದೆಯಾ? ಎರಡು ಮನೇದೂ ಒಂದೇ ಕಥೆ, ಹೋಗಿ." ಅಂಗಡಿಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ನಡೆದಳು.

ಚಳಿ ಇನ್ನೇನು ಮುರಿಯಬೇಕು, ಅಷ್ಟರಲ್ಲಿ ಒಂದು ಮಧ್ಯಾಹ್ನ ಜಿರೇನಿಯಂ ಅವನ ಕೈಗೇ ಕಿತ್ತು ಬಂತು. ಬುಡ ಕಪ್ಪಾಗಿ ಕೊಳೆತು ಮೆತ್ತಗಾಗಿತ್ತು. ನಾಳೆ ಬೆಳಿಗ್ಗೆ ಕಿಟಕಿ ಖಾಲಿ. ಅಕ್ಕ ನೋಡುತ್ತಾರೆ. ಖಾಲಿ ಕಿಟಕಿಗೆ ಇರುವುದು ಒಂದೇ ಅರ್ಥ. ಇಷ್ಟು ದಿನ ಕಾಪಾಡಿದ ಜೀವವನ್ನು ತಾನೇ ಕೈಯಾರೆ ಕೊಂದಂತಾಗುತ್ತದೆ.

ಅಂಗಡಿಯಿಂದ ಬೇರೆ ಗಿಡ ತರುವ ಹಾಗಿರಲಿಲ್ಲ. ಈ ಗಿಡದ ಎಲೆಯ ಮೇಲಿನ ಬಳೆಯಂಥ ಕಪ್ಪು ಗೆರೆ ಬೇರೆ ಯಾವ ಗಿಡಕ್ಕೂ ಇಲ್ಲ, ಅಕ್ಕ ದೂರದಿಂದಲೇ ಹಿಡಿದುಬಿಡುತ್ತಾರೆ. ಆ ಜಾತಿಯದು ಉಳಿದಿದ್ದದ್ದು ಒಂದೇ. ಎದುರು ಕಿಟಕಿಯಲ್ಲಿ.

ಅಕ್ಕ ಮಧ್ಯಾಹ್ನದ ನಿದ್ದೆ ಮಾಡುವ ಹೊತ್ತು. ಸೊಸೆಯ ಕಾಲು ಹಿಡಿದಾದರೂ ಒಂದು ಕಡ್ಡಿ ಬೇಡಿ ತರುವುದೆಂದು ಕುಂಡವನ್ನು ಕೋಟಿನೊಳಗೆ ಅವುಚಿಕೊಂಡು ಮೆಟ್ಟಿಲಿಳಿದ.

ನಡುಬೀದಿಯ ಕೆಸರು ಹಿಮದಲ್ಲಿ ಸೊಸೆಯೇ ಎದುರಾದಳು. ಮೈತುಂಬ ಶಾಲು. ಅವನನ್ನು ಕಂಡು ಗಕ್ಕನೆ ನಿಂತಳು.

"ಚಿಕ್ಕಮಾವ..."

"ನಿನ್ನ ಹತ್ರಾನೇ ಹೊರಟಿದ್ದೆ ತಾಯಿ. ಅಕ್ಕ ಮಲಗಿದ್ದಾರಾ? ಅವರಿಗೆ ಗೊತ್ತಾಗದ ಹಾಗೆ ಒಂದೇ ಒಂದು ಕಡ್ಡಿ ಮುರ್ಕೊಡು." ಕೋಟು ಸರಿಸಿ ಕೊಳೆತದ್ದನ್ನು ತೋರಿಸಿದ.

ಅವಳು ಮೆಲ್ಲನೆ ಶಾಲು ಸರಿಸಿದಳು. ಅವಳ ಕಂಕುಳಲ್ಲೂ ಒಂದು ಕುಂಡ. ಬಿರುಕು ಬಿಟ್ಟ ಮಣ್ಣು, ಅದರಲ್ಲೊಂದು ಒಣ ಕಡ್ಡಿ.

"ಇಸ್ತ್ರಿ ಕಾಯಿಸೋ ಒಲೆ ಪಕ್ಕ ಬೆಚ್ಚಗಿರಲಿ ಅಂತ ಇಟ್ಟಿದ್ದೆ. ನೀರು ಹಾಕೋದು ಮರ್ತೇಹೋಯ್ತು," ಎಂದಳು. "ನಾನೂ ಒಂದು ಕಡ್ಡಿ ಕೇಳೋಕೇ ಬರ್ತಿದ್ದೆ ಚಿಕ್ಕಮಾವ. ಚಿಕ್ಕತ್ತೆಗೆ ಗೊತ್ತಾಗದ ಹಾಗೆ. ಬಿಸಿಲು ಬಲಿಯೋವರೆಗೆ ಇಡ್ತಾ ಇರು ಅಂತ ಅತ್ತೆ ಹೇಳಿದ್ರು..."

ಬ್ರೆಡ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಕೆ ಒಳಗೆ ಸರಿದಳು.

ಅಕ್ಕ ಹೋದದ್ದು ಶನಿವಾರ, ತಂಗಿಗಿಂತ ಒಂದು ದಿನ ಮೊದಲೇ.