ಒಂಟಿ ಕೊಳಲಿನ ಜೋಡಿ

ಸಂಗೀತದ ಜೋಡಿಯಿಲ್ಲದೆ ಯಾರೂ ಕವಿತೆ ಓದುವಂತಿಲ್ಲ. ಯಾವ ಕವಿತೆಗೆ ಯಾವ ಸಂಗೀತ ಎಂದು ಸರ್ಕಾರದ ಜೋಡಿಗಾರನೇ ಹೇಳಬೇಕು. ನಮ್ಮೂರಿನ ಜೋಡಿಗಾರ ವಿರೂಪಣ್ಣ ಮೊದಲ ಸಾಲು ದಾಟಿ ಮುಂದೆ ಓದುವವನಲ್ಲ. ಅಳುವ ಸಾಲಿಗೆ ಗಜಲ್, ಸಿಟ್ಟಿನ ಸಾಲಿಗೆ ರಾಕ್, ತನಗೆ ಅರ್ಥವಾಗದ್ದಕ್ಕೆಲ್ಲ ಜಾಝ್.

ಹೋದ ವರ್ಷದ ಕವಿಗೋಷ್ಠಿಯಲ್ಲಿ ನನ್ನ ಕವಿತೆಗೆ ಅವನು ಹಾಕಿದ ಡ್ರಮ್ಮಿನ ಅಬ್ಬರದಲ್ಲಿ ನನ್ನ ಒಂದು ಮಾತೂ ಯಾರಿಗೂ ಕೇಳಿಸಲಿಲ್ಲ. ಎದುರಿಗೇ ಕೂತಿದ್ದ ಬಣ್ಣದ ಕಾರ್ಖಾನೆಯ ಧಣಿ ಈರಸಂಗಪ್ಪ ಕಾಲು ಕುಣಿಸುತ್ತ ಚಪ್ಪಾಳೆ ತಟ್ಟಿದ್ದ. ನನ್ನ ತಂಗಿ ಸತ್ತದ್ದು ಅವನ ಕಾರ್ಖಾನೆಯ ಬೆಂಕಿಯಲ್ಲಿ, ಹೊರಗಿನಿಂದ ಬೀಗ ಹಾಕಿದ್ದ ಬಾಗಿಲನ್ನು ಬಡಿಯುತ್ತ.

ಈ ಸಲ ವಿರೂಪಣ್ಣ ನನ್ನ ಹಾಳೆಗಳ ಮೊದಲ ಸಾಲು ನೋಡಿ ಹಲ್ಲು ಕಿರಿದ. "ಏನವಾ, ಜೋಗುಳ ಬರದೀಯಲ್ಲ! ಈಗರೇ ಬುದ್ಧಿ ಬಂತು. ಇದಕ್ಕ ಒಂಟಿ ಕೊಳಲು ಸಾಕು."

"ಹೂಂ, ಹಾಕ್ರಿ," ಎಂದೆ. ಅವನ ಮುಖಕ್ಕೆ ಉಗಿಯುವಷ್ಟು ಸಿಟ್ಟಿತ್ತು, ನುಂಗಿಕೊಂಡೆ.

ಕಾವಲುಗಾರ ಎಂದಿನಂತೆ ಸಭಾಭವನಕ್ಕೆ ಹೊರಗಿನಿಂದ ಬೀಗ ಹಾಕಿದ. ಕವಿತೆ ಮುಗಿಯುವ ತನಕ ಬಾಗಿಲು ತೆರೆಯುವುದಿಲ್ಲ, ಯಂತ್ರಕ್ಕೆ ಒಮ್ಮೆ ಹಾಕಿದ ಸಂಗೀತ ಬದಲಾಗುವುದಿಲ್ಲ; ಅದು ಸರ್ಕಾರದ ನಿಯಮ.

"ಮಲಗು ತಂಗಿ, ಹೊಗೆಯಂಥ ಮೋಡ ಬಂದಿದೆ," ಎಂದು ಓದಿದೆ. ಈ ಸಲವೂ ಎದುರಿಗೇ ಕೂತಿದ್ದ ಈರಸಂಗಪ್ಪ ಕಣ್ಣು ಮುಚ್ಚಿ ತಲೆದೂಗಿದ. ಎರಡನೆಯ ಸಾಲಿನಲ್ಲಿ ಬೀಗ ಬಂತು. ಮೂರನೆಯದರಲ್ಲಿ ಅವನ ಹೆಸರು.

"ಲೇ, ಡ್ರಮ್ ಹಾಕಲೇ!" ಎಂದು ಅವನು ಕಿರುಚಿದ. ವಿರೂಪಣ್ಣ ಗುಂಡಿ ಒತ್ತಿದ, ಯಂತ್ರವನ್ನೇ ಗುದ್ದಿದ. ಕೊಳಲು ಮೆಲ್ಲಗೆ ನುಡಿಯುತ್ತಲೇ ಇತ್ತು. ನಾನು ಇನ್ನೂ ಮೆಲ್ಲಗೆ ಓದಿದೆ. ಹಿಂದಿನ ಬೆಂಚಿನವರಿಗೂ ಕೇಳಿಸಿತು.

ಈರಸಂಗಪ್ಪ ಓಡಿಹೋಗಿ ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದ.

"ತೆಗೀರೋ! ಬಾಗಲಾ ತೆಗೀರೋ!"

ನನ್ನ ಕೈಯಲ್ಲಿ ಇನ್ನೂ ಆರು ಹಾಳೆಗಳಿದ್ದವು.