ಅಜ್ಜಿಯ ಅಂಗೈಯ ಗಂಟು

ಹೊಸ ಬ್ಯಾಂಡೇಜ್ ಬಟ್ಟೆಯ ವಾಸನೆ ಬಂದರೆ ನನಗೆ ಇಂದಿಗೂ ಅಜ್ಜಿಯ ಎಡಗೈ ನೆನಪಾಗುತ್ತದೆ.

ಕಲಬುರಗಿಯ ಆಸ್ಪತ್ರೆಯಲ್ಲಿ ಅಜ್ಜಿ ಕೊನೆಯ ದಿನಗಳಲ್ಲಿದ್ದಳು. ನಾನು ಅವಳ ಕಾಲು ಒತ್ತುತ್ತಿದ್ದೆ. ಎಕ್ಸ್‌ರೇಗೆಂದು ಕೊರಳಿನ ಬೆಳ್ಳಿ ಕರಡಿಗೆ ತೆಗೆಯಬೇಕೆಂದು ಆಸ್ಪತ್ರೆಯವರು ಹೇಳಿದಾಗ, ಅದರೊಳಗಿನ ಲಿಂಗದ ಸಮೇತ ಅಜ್ಜಿ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಜೀವ ಇರೋತನಕ ಲಿಂಗ ಮೈ ಬಿಡಂಗಿಲ್ಲ."

"ಹಟ ಮಾಡಬ್ಯಾಡ," ಎಂದು ಅಪ್ಪ ಗದರಿದ.

ಮೋಮಿನಪುರದಿಂದ ಬರುತ್ತಿದ್ದ ನರ್ಸ್ ಶಾಹಿನಾ ಕೈ ತೊಳೆದು ಬಂದಳು. "ಬೆಳ್ಳಿ ಅಷ್ಟೇ ತೆಗೀತೀನ್ರಿ ಅಮ್ಮಾ. ಲಿಂಗ ನಿಮ್ಮ ಕೈಯಾಗೇ ಇರ್ಲಿ. ನಾ ಮುಟ್ಟಬಹುದೇನ್ರಿ?"

ಅಜ್ಜಿ ಅವಳ ಒದ್ದೆ ಕೈ ನೋಡಿದಳು. "ನೀನೇ ಕಟ್ಟವ್ವಾ."

ಶಾಹಿನಾ ಲಿಂಗವನ್ನು ಬಿಳಿ ಬ್ಯಾಂಡೇಜಿನಲ್ಲಿ ಸುತ್ತಿ ಅಜ್ಜಿಯ ಎಡ ಅಂಗೈಗೆ ಕಟ್ಟಿದಳು.

ಅಂದೇ ರಾತ್ರಿ ಅಜ್ಜಿ ತೀರಿಕೊಂಡಳು. ಮರುದಿನ ನಮ್ಮೂರು ಕಮಲಾಪುರದಲ್ಲಿ ಅವಳನ್ನು ಸಮಾಧಿಯಲ್ಲಿ ಕೂರಿಸಿದಾಗ, ಲಿಂಗವನ್ನು ಬರಿ ಅಂಗೈಯಲ್ಲಿ ಇಡಲೆಂದು ಸ್ವಾಮಿಗಳು ಆ ಗಂಟು ಬಿಚ್ಚಹೋದರು.

"ಅದು ಹಂಗೇ ಇರ್ಲಿ ಬಿಡ್ರಿ," ಎಂದ ಅಪ್ಪ.