ಬ್ರೇಕಿನ ಕಾಲು

ಡ್ರೈವರಮ್ಮ ಎರಡನೆಯ ಸಲವೂ ಅದೇ ಜಾಗದಲ್ಲಿ ನೀರಿಗೆ ಬಿದ್ದರು. ಗುರುತಿಗೆಂದು ನೀರಲ್ಲಿ ತೇಲಿಬಿಟ್ಟ ಕೆಂಪು ಬುರುಡೆಯವರೆಗೆ ಹೋಗಿದ್ದೇನೋ ರಾಣಿಯ ಹಾಗೆ. ಹಲಗೆಯ ಮೇಲೆ ನೆಟ್ಟಗೆ ನಿಂತು, ಹಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಳಿ ಕೊಟ್ಟಷ್ಟನ್ನೂ ವೇಗ ಮಾಡಿಕೊಂಡು ಹೋಗಿದ್ದರು. ಬುರುಡೆ ಸುತ್ತಿ ದಡದ ಕಡೆ ಅರ್ಧ ದಾರಿ ಬಂದಾಗ ಗಾಳಿ ಒಮ್ಮೆಲೇ ಜೋರಾಯಿತು. ಹಲಗೆಯ ಮೂತಿ ಮೇಲೆದ್ದು ಗಾಳಿಗೆ ಎದುರಾಗಿ ತಿರುಗಿತು. ಹಾಯಿ ಸಮೇತ ಡ್ರೈವರಮ್ಮ ಅಂಗಾತ ಬಿದ್ದು, ಒಂದಿಷ್ಟು ನೀರು ಕುಡಿದು, ಹಲಗೆ ತಳ್ಳಿಕೊಂಡು ದಡಕ್ಕೆ ಬಂದರು.

ಕೋಚ್ ತಲೆ ಕೆರೆದುಕೊಂಡ. ಅವನ ವಿಂಡ್‌ಸರ್ಫಿಂಗ್ ಶಾಲೆಯ ನಿಯಮ ಸರಳ. ಬುರುಡೆ ಸುತ್ತಿ, ಬೀಳದೆ ವಾಪಸು ಬಂದವರು ಇನ್ನು ಮುಂದೆ ಆಳದ ನೀರಿಗೆ ಹೋಗಬಹುದು. ಅವಕಾಶ ಮೂರೇ ಮೂರು. ಮೂರರಲ್ಲೂ ಬಿದ್ದವರು ತೊಡೆಮಟ್ಟದ ನೀರಲ್ಲಿ ಚಿಳ್ಳೆಪಿಳ್ಳೆಗಳ ಜೊತೆ ಮತ್ತೆ ಮೊದಲ ಪಾಠದಿಂದ ಶುರು ಮಾಡಬೇಕು. ಆ ಪಿಳ್ಳೆಗಳು ಈಗಾಗಲೇ ಡ್ರೈವರಮ್ಮನನ್ನು ಅಜ್ಜಿ ಅನ್ನುತ್ತವೆ. ಆಕೆಗೆ ನಲವತ್ತಾರೇ ವರ್ಷ. ವಾರಕ್ಕೆ ಸಿಗುವ ಒಂದೇ ರಜೆಯನ್ನು ಎರಡು ವರ್ಷದಿಂದ ಈ ನೀರಿಗೆ ಸುರಿದಿದ್ದಾರೆ. ಮೊಣಕಾಲು ಬಗ್ಗಿಸಿ ಅಂದರೆ ಬಗ್ಗಿಸುತ್ತಾರೆ. ಹೋಗುವ ಕಡೆಯೇ ನೋಡಿ ಎಂದು ಬಸ್ಸು ಓಡಿಸುವವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಹೋಗುವಾಗ ಅಷ್ಟು ಚಂದ ಹೋಗುವ ಹೆಂಗಸು ಬರುವಾಗ ಯಾಕೆ ಹೀಗೆ ಅನ್ನುವುದು ಮಾತ್ರ ಅವನಿಗೆ ಬಗೆಹರಿದಿರಲಿಲ್ಲ.

ಅಷ್ಟು ಹೊತ್ತು ಮರದ ನೆರಳಲ್ಲಿ ಕೂತಿದ್ದ ಕಂಡಕ್ಟರ್ ಎದ್ದು ಬಂದ. ಡ್ರೈವರಮ್ಮನ ಬಸ್ಸಿನವನೇ, ಅಕ್ಕನ ಪರೀಕ್ಷೆ ನೋಡಬೇಕೆಂದು ರಜೆ ದಿನ ಇಲ್ಲಿಗೆ ಬಂದಿದ್ದ. ಅವನ ಮಟ್ಟಿಗೆ ನೀರೆಂದರೆ ಸ್ನಾನದ ಬಕೆಟ್ಟಿನಲ್ಲಿ ಇರುವಷ್ಟು ಸಾಕು, ಅದಕ್ಕಿಂತ ಹೆಚ್ಚಾದರೆ ಎದೆ ಡವಡವ.

"ಅಕ್ಕ ಬ್ರೇಕ್ ಹಾಕ್ತಿದ್ದಾರೆ," ಅಂದ.

ಇದಕ್ಕೆಲ್ಲಿಯ ಬ್ರೇಕು ಎಂದು ಕೋಚ್ ನಕ್ಕುಬಿಟ್ಟ. ಕಂಡಕ್ಟರ್ ನಗಲಿಲ್ಲ. ರಸ್ತೆಯಲ್ಲಿ ಏನಾದರೂ ಧುತ್ತೆಂದು ಎದುರಾದರೆ ಅಕ್ಕನ ಬಲಗಾಲು ಹೇಗೆ ಇಳಿಯುತ್ತದೆ, ಭುಜ ಹೇಗೆ ಹಿಂದಕ್ಕೆ ಹೋಗುತ್ತದೆ ಎಂದು ಅಲ್ಲೇ ನಿಂತು ಮಾಡಿ ತೋರಿಸಿದ. ಕೋಚ್‌ನ ನಗು ಅರ್ಧಕ್ಕೇ ನಿಂತಿತು. ಹೋಗುವಾಗ ಬಲಗಾಲು ಮುಂದಿರುತ್ತದೆ, ಬರುವಾಗ ದಿಕ್ಕು ಬದಲಾಗಿ ಅದೇ ಕಾಲು ಹಲಗೆಯ ಹಿಂದಿನ ತುದಿಗೆ ಬರುತ್ತದೆ. ಅಲ್ಲಿ ಹಾಗೆ ತುಳಿದರೆ ಬಾಲ ಮುಳುಗಿ ಮೂತಿ ಏಳದೆ ಇನ್ನೇನಾದೀತು? ಮೂರನೆಯ ಅವಕಾಶವನ್ನು ಮೂರು ವಾರ ಮುಂದೂಡುತ್ತೇನೆ, ಅಷ್ಟರಲ್ಲಿ ಬೆಚ್ಚಿದಾಗಲೆಲ್ಲ ಬಲಗಾಲು ಎತ್ತುವುದನ್ನು ಮನೆಯಲ್ಲಿ ರೂಢಿ ಮಾಡಿಕೊಳ್ಳಿ, ಒತ್ತುವುದನ್ನೇ ಅದಕ್ಕೆ ಮರೆಸಿಬಿಡಿ ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಡ್ರೈವರಮ್ಮ ಕೂದಲಿನ ನೀರು ಹಿಂಡುತ್ತಾ ಪೂರ್ತಿ ಕೇಳಿಸಿಕೊಂಡರು.

"ಮರೆಸೋದು ಬೇಡ. ಹೋದ ತಿಂಗಳು ನಡುರಸ್ತೇಲಿ ಒಬ್ರು ಹಿರಿಯರು ಬಿದ್ದಿದ್ದ ಕನ್ನಡಕ ಎತ್ಕೊಳ್ಳೋಕೆ ಬಗ್ಗಿದ್ರು. ನನ್ನ ಕಣ್ಣಿಗೆ ಕಾಣೋ ಮೊದ್ಲೇ ಅವರು ಈ ಕಾಲಿಗೆ ಕಂಡಿದ್ರು."

ಕಂಡಕ್ಟರ್ ಹೌದೆಂದು ತಲೆಯಾಡಿಸಿದ. ಬಸ್ಸು ನಿಂತದ್ದು ಒಂದು ಗೇಣು ಈಚೆಗೆ. ಆ ಹಿರಿಯರು ಕನ್ನಡಕ ಎತ್ತಿ, ಅಂಗಿಗೆ ಒರೆಸಿ, ಮೂಗಿಗೇರಿಸಿಕೊಂಡ ಮೇಲಷ್ಟೇ ಎದುರಿಗೆ ಅಷ್ಟು ದೊಡ್ಡ ಬಸ್ಸೊಂದು ನಿಂತಿರುವುದನ್ನು ನೋಡಿದ್ದರು. ಅಂಥ ಕಾಲನ್ನು ತನ್ನ ಶೋಕಿಗಾಗಿ ಮಂಕು ಮಾಡಿಕೊಂಡು, ಬೆಳಿಗ್ಗೆ ಐವತ್ತು ಜನರನ್ನು ಹತ್ತಿಸಿಕೊಳ್ಳಲು ಆಕೆ ತಯಾರಿರಲಿಲ್ಲ. ಮಕ್ಕಳ ಸಾಲಿಗೆ ಹೋಗಬೇಕಾಗಿ ಬಂದರೆ ಹೋಗುತ್ತೇನೆ, ಆದರೆ ಮೂರನೆಯ ಸಲವೂ ಇವತ್ತೇ, ಇದೇ ಕಾಲಲ್ಲಿ ಎಂದರು.

ಹಾಗೆಂದು ಹಟಕ್ಕೆ ಬಿದ್ದು ನೀರಿಗೆ ಹಾರಲಿಲ್ಲ. ಹಲಗೆಯನ್ನು ತೊಡೆಮಟ್ಟದ ನೀರಿಗೆ ಎಳೆದು, ಪಿಳ್ಳೆಗಳು ಕಿಸಿಕಿಸಿ ನಗುತ್ತಿರುವಾಗಲೇ ಅದರ ಮೇಲೆ ನಿಂತರು. ಡಿಪೋದಲ್ಲಿ ಹೊಸ ಬಸ್ಸು ಕೊಟ್ಟ ದಿನ ಪೆಡಲಿನ ಅಳತೆ ಹಿಡಿಯುವ ಹಾಗೆ, ಹಿಂದಿದ್ದ ಬಲಗಾಲನ್ನು ಬೆರಳಷ್ಟು ಬೆರಳಷ್ಟೇ ಮುಂದಕ್ಕಿಟ್ಟು ಪ್ರತಿ ಜಾಗದಲ್ಲೂ ತುಳಿದು ನೋಡಿದರು. ಹಾಯಿಯ ಕಂಬದ ಬುಡದ ಹತ್ತಿರ ತುಳಿದಾಗ ಮೂತಿ ಏಳಲಿಲ್ಲ. ಹಲಗೆ ನೀರಿಗೆ ಇನ್ನಷ್ಟು ಸಮನಾಗಿ ಕೂತಿತು. ಅಲ್ಲೇ ಇನ್ನೂ ಹತ್ತು ಸಲ ತುಳಿದರು.

"ಗಾಳಿ ಬಂದ್ರೆ ಕಾಲು ಒತ್ತೇ ಒತ್ತುತ್ತೆ," ಎಂದರು ಕೋಚ್‌ಗೆ. "ಬ್ರೇಕ್ ಎಲ್ಲಿರ್ಬೇಕು ಅನ್ನೋದನ್ನ ಮಾತ್ರ ನಾನು ಹೇಳ್ತೀನಿ."

ಮೂರನೆಯ ಸಲ ಬುರುಡೆ ಸುತ್ತಿ ತಿರುಗಿದ ಕೂಡಲೇ ಬಲಗಾಲು ಕಂಬದ ಬುಡಕ್ಕೆ ಸರಿಯಿತು. ಅರ್ಧ ದಾರಿಯಲ್ಲಿ ನೀರಿನ ಮೈ ಕಪ್ಪಾಗಿ, ಮೊದಲಿಗಿಂತಲೂ ಜೋರಾದ ಗಾಳಿ ನುಗ್ಗಿತು. ಕಾಲು ತುಳಿದದ್ದು ದಡದವರಿಗೂ ಕಂಡಿತು. ಹಲಗೆ ಮೂತಿ ಎತ್ತಲಿಲ್ಲ. ಡ್ರೈವರಮ್ಮ ಮೊಣಕಾಲು ಬಗ್ಗಿಸಿ, ಮೈಭಾರವನ್ನೆಲ್ಲ ಹಾಯಿಗೆ ನೇತುಹಾಕಿ, ಗೆರೆ ಎಳೆದಂತೆ ದಡಕ್ಕೆ ಬಂದರು. ಆ ನೋಟಕ್ಕೆ ಎರಡು ಕಣ್ಣು ಸಾಲದು. ಇಷ್ಟು ವರ್ಷ ಜನರ ಜೀವ ಕಾದ ಅಭ್ಯಾಸವನ್ನು ಬಿಟ್ಟುಕೊಡದೆ, ಅದಕ್ಕೆ ಹೊಸ ಜಾಗ ತೋರಿಸಿ ಗೆದ್ದ ಆಕೆಯನ್ನು ಮೆಚ್ಚದೆ ಇರುವುದಾದರೂ ಹೇಗೆ? ಕೋಚ್ ಪಾಸೆಂದು ಬರೆಯುವುದನ್ನೂ ಮರೆತು ಚಪ್ಪಾಳೆ ತಟ್ಟುತ್ತಿದ್ದ.

ಪಾಸಾದವರು ಅಗಲದ ಹಲಗೆಯಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಒಂದು ಸುತ್ತು ಹೋಗಿಬರಬಹುದು. ಯಾರನ್ನು ಕರೆದೊಯ್ಯುತ್ತೀರಿ ಎಂದು ಕೋಚ್ ಕೇಳಿ ಮುಗಿಸುವಷ್ಟರಲ್ಲಿ ಕಂಡಕ್ಟರ್ ಚಪ್ಪಲಿ ಬಿಚ್ಚುತ್ತಿದ್ದ. ಅವನ ಮುಖ ಬಿಳುಚಿತ್ತು.

"ಹಿಡ್ಕೊಳ್ಳೋಕೆ ಏನೂ ಇರಲ್ಲ ನೋಡಿ, ಎರಡೂ ಕೈ ಬಿಟ್ಟು ನಿಲ್ಬೇಕು," ಎಂದು ಕೋಚ್ ಎಚ್ಚರಿಸಿದ.

ಕಂಡಕ್ಟರ್ ತೇಲುಜಾಕೆಟ್ಟಿನ ಪಟ್ಟಿ ಬಿಗಿದುಕೊಂಡು ನೀರಿಗಿಳಿದ.

"ಒಂದು ಕೈಲಿ ಟಿಕೆಟ್ಟು, ಇನ್ನೊಂದು ಕೈಲಿ ಚಿಲ್ಲರೆ. ಹನ್ನೊಂದು ವರ್ಷದಿಂದ ಇವರ ಬಸ್ಸಲ್ಲಿ ನಾನು ಏನನ್ನೂ ಹಿಡ್ಕೊಂಡು ನಿಂತಿಲ್ಲ."